ಪ್ರಾಮಾಣಿಕ ಕುದುರೆಯ ಮೇಲೆ ದಿಬ್ಬಣ

ಕಾರವಾರದ ಕಡಲತೀರದಲ್ಲಿ ಬಾಡಿಗೆಗೆ ಸಿಗುವ ಮೂರೂ ಕುದುರೆಗಳನ್ನು ನಾನು ಏರಿದ್ದೇನೆ. ಮೂರರ ಸ್ವಭಾವವೂ ನನಗೆ ಚೆನ್ನಾಗಿ ಗೊತ್ತು. ಆಫೀಸಿನವರ ಸ್ವಭಾವ ಇಷ್ಟು ಗೊತ್ತಿದ್ದರೆ ಇಷ್ಟರೊಳಗೆ ಬಡ್ತಿಯಾದರೂ ಸಿಗುತ್ತಿತ್ತು.

ರಾಜಾ ಹುಟ್ಟಾ ಸಾಹೇಬ. ಹತ್ತಲು ಬಂದವನನ್ನು ಅರ್ಜಿ ಹಿಡಿದು ಬಂದವನಂತೆ ನೋಡುತ್ತದೆ, ಆಮೇಲೆ ನಿಂತಲ್ಲೇ ಕಣ್ಣು ಮುಚ್ಚುತ್ತದೆ. ಚಾಂದನಿಗೆ ಫೋಟೊ ಹುಚ್ಚು. ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ಓಡುತ್ತಿದ್ದದ್ದು ಕತ್ತು ಕೊಂಕಿಸಿ ನಿಂತುಬಿಡುತ್ತದೆ; ಕೂತವನ ಸೊಂಟ ಹೋದರೆ ಅವನ ಹಣೆಬರಹ. ಮೂರನೆಯದು ತೂಫಾನ್. ಹೆಸರು ಕೇಳಿ ಹೆದರಬೇಡಿ. ಮರಳಿನಲ್ಲಿ ಬಿದ್ದಿರುವ ಒಡೆದ ದೋಣಿಯವರೆಗೆ ಹೋಗುತ್ತದೆ, ತಾನಾಗಿ ತಿರುಗುತ್ತದೆ, ಹತ್ತಿಸಿಕೊಂಡಲ್ಲಿಗೇ ತಂದು ಇಳಿಸುತ್ತದೆ. ಇಷ್ಟು ಪ್ರಾಮಾಣಿಕ ಜೀವಿ ನಮ್ಮ ಜಿಲ್ಲೆಯಲ್ಲೇ ಇನ್ನೊಂದಿಲ್ಲ.

ಹಾಗಾಗಿ ನನ್ನ ಮದುವೆಗೆ ಅದನ್ನೇ ಗೊತ್ತುಮಾಡಿದೆ. ಹುಡುಗಿ ಅಂಕೋಲಾ ಕಡೆಯ ಅಗಸೂರಿನ ನೀತಾ. ಅವಳಪ್ಪ ರಾಮಾ ಮಾತ್ರ ಮೂಗು ಮುರಿದಿದ್ದರು.

"ಕುದುರೆ ಎಂತಕ್ಕೆ ಮಾರಾಯಾ? ರಿಕ್ಷಾದಲ್ಲಿ ಬಂದ್ರೆ ಮದುವೆ ಆಗೂದಿಲ್ವಾ?"

ನನಗೆ ಸಿಟ್ಟು ಬಂತು. ಕುದುರೆ ಮೇಲಿಂದಲೇ ನಿಮ್ಮ ಚಪ್ಪರದೆದುರು ಇಳಿಯುತ್ತೇನೆ ಎಂದುಬಿಟ್ಟೆ.

ಮದುವೆಯ ದಿನ ತೂಫಾನ್ ಟೆಂಪೊದಲ್ಲಿ ಬಂತು, ಜೊತೆಗೆ ಅದರ ಯಜಮಾನ ಜಟ್ಟಿ. ಅಗಸೂರಿನ ಬಸ್ ಸ್ಟಾಪಿನ ಬಳಿ ಬಾಸಿಂಗ ಕಟ್ಟಿಕೊಂಡು ಏರಿದೆ. ವಾದ್ಯ ಶುರುವಾಯಿತು. ಚಪ್ಪರದ ಬಾಳೆಕಂಬ ಕಾಣುವಷ್ಟು ದೂರ ಹೋದದ್ದೇ ತಡ, ತೂಫಾನ್ ನಿಂತಿತು, ತಿರುಗಿತು, ವಾದ್ಯದವರನ್ನು ಸೀಳಿಕೊಂಡು ನನ್ನನ್ನು ಬಸ್ ಸ್ಟಾಪಿಗೆ ತಂದು ನಿಲ್ಲಿಸಿತು. ಮತ್ತೆ ಹೊರಟೆವು. ಮತ್ತೆ ಬಸ್ ಸ್ಟಾಪ್.

"ಅದರ ತಪ್ಪಲ್ಲ ಸಾಹೇಬ್ರೆ," ಎಂದ ಜಟ್ಟಿ. "ಅಲ್ಲಿ ದೋಣಿನೂ ಅಷ್ಟೇ ದೂರ. ದೋಣಿ ಬಂತು ಅಂದ್ಕಂಡದೆ."

ಮುಹೂರ್ತ ಹತ್ತಿರವಾಗುತ್ತಿತ್ತು. ತೂಫಾನ್ ತಿರುಗಿದಾಗಲೆಲ್ಲ ಮಾವ ಚಪ್ಪರದೆದುರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದದ್ದು ಕಂಡಿತ್ತು. ನಡೆದು ಹೋದರೆ ಮಾನ ಹೋಗುತ್ತದೆ, ಕೂತೇ ಇದ್ದರೆ ಮುಹೂರ್ತ ಹೋಗುತ್ತದೆ. ನಾಚಿಕೆಯಿಂದ ನನಗೆ ಅಳುವೇ ಬಂತು. ಅಷ್ಟರಲ್ಲಿ ಫೋನ್ ಬಂತು. ನೀತಾ.

"ಎಂತ, ಬರೂದೋ, ಬಸ್ ಸ್ಟಾಪಲ್ಲೇ ಇರೂದೋ?"

ಎಲ್ಲ ಹೇಳಿದೆ. ಆಕೆ ನಗಲಿಲ್ಲ, ಅದು ನೆನಪಾದರೆ ಇಂದಿಗೂ ಅವಳ ಮೇಲೆ ಪ್ರೀತಿ ಉಕ್ಕುತ್ತದೆ.

"ಹಾಗಿದ್ರೆ ಇಳಿದು ನಡ್ಕೊಂಡು ಬನ್ನಿ, ಕುದುರೆನೂ ಕರ್ಕೊಂಡು ಬನ್ನಿ. ಚಪ್ಪರದ ಬಾಗ್ಲಲ್ಲಿ ಹತ್ತಿ. ಅದು ಇಲ್ಲಿಗೇ ತಂದು ಇಳಿಸ್ತದೆ."

ಬೆನ್ನ ಮೇಲೆ ಯಾರೂ ಇಲ್ಲದಾಗ ತೂಫಾನ್ ಕುರಿಮರಿಯ ಹಾಗೆ ಹಿಂದೆ ಬಂತು. ಚಪ್ಪರದ ಬಾಗಿಲಲ್ಲಿ ಏರಿದೆ. ಹೊರಟಿತು. ಬಾಸಿಂಗ ಕಟ್ಟಿದ ಮದುಮಗ ಚಪ್ಪರಕ್ಕೆ ಬೆನ್ನು ಹಾಕಿ ಹೋಗುವುದನ್ನು ಕಂಡು ಹೆಂಗಸರು ಬೊಬ್ಬೆ ಹೊಡೆದರು. ಅತ್ತೆ ದುರ್ಗಾ ಕಂಬ ಹಿಡಿದು ಕುಸಿದು ಕೂತರು. ನಾನು ಕುದುರೆಯ ಕಿವಿಗಳನ್ನೇ ನೋಡುತ್ತ, ಇವತ್ತೊಂದು ದಿನ ಕೆಟ್ಟುಹೋಗಬೇಡವಪ್ಪಾ ಎಂದು ಬೇಡಿಕೊಂಡೆ.

ಬಸ್ ಸ್ಟಾಪ್ ಕಾಣುವಷ್ಟರಲ್ಲಿ ತಿರುಗಿತು! ವಾದ್ಯದೊಂದಿಗೆ, ತಲೆಯೆತ್ತಿ, ಸೀದಾ ಚಪ್ಪರದೆದುರು ಬಂದು ನಿಂತಿತು. ಜಟ್ಟಿ ಅಭ್ಯಾಸಬಲದಿಂದ ಕೂಗಿದ:

"ಆಯ್ತು, ಇಳೀರಿ! ಮುಂದಿನವ್ರು ಯಾರು?"

ಕಾಲು ತೊಳೆಸಿಕೊಂಡು ಮಂಟಪ ಸೇರಿದೆ. ಭಟ್ಟರು ಮುಹೂರ್ತವಾಯಿತೆಂದು ಧಾರೆಗೆ ಹುಡುಗಿಯ ಅಪ್ಪನನ್ನು ಕರೆದರು. ಅಪ್ಪ ಇಲ್ಲ. ಎಲ್ಲರೂ ರಸ್ತೆಯತ್ತ ನೋಡಿದರೆ, ಮಾವ ಪಂಚೆ ಎತ್ತಿಕಟ್ಟಿ, ತೂಫಾನ್ ಮೇಲೆ ಬಸ್ ಸ್ಟಾಪಿನ ದಿಕ್ಕಿಗೆ ಹೋಗುತ್ತಿದ್ದಾರೆ.

ಭಟ್ಟರು ಗಾಬರಿಯಾದರು.

"ಕೂತ್ಕೊಳ್ಳಿ ಭಟ್ರೆ," ಎಂದೆ. "ಈಗ ತರ್ತದೆ."