ಗಡ್ಡೆಗೆ ಗಡ್ಡೆಯೇ ಮದ್ದು

ನಾನು ಒಂದು ಗಡ್ಡೆ. ಹೆದರಬೇಡಿ, ಬೆಳ್ಳುಳ್ಳಿ ಗಡ್ಡೆ! ಹುಟ್ಟಿದ್ದು ಗದಗ ಸೀಮೆಯ ಕರಿಮಣ್ಣಿನಲ್ಲಿ. ಊರಿದ್ದು ಒಂದೇ ಎಸಳು. ನೆಲದೊಳಗೆ ಯಾರಿಗೂ ಕಾಣದಂತೆ ಮೈತುಂಬಿಕೊಂಡು ದೊಡ್ಡ ಸಂಸಾರವಾದೆ. ಸಂತೆಯಲ್ಲಿ ಬೆಟಗೇರಿಯ ನೀಲವ್ವ ನನ್ನನ್ನು ಹಿಚುಕಿ ನೋಡಿ, "ಗಟ್ಟಿ ಐತಿ" ಎಂದು ಚೀಲಕ್ಕೆ ಹಾಕಿಕೊಂಡಳು. ಇಡಿಯಾಗಿದ್ದಾಗ ನಾನು ಬಲು ಸಾಧು. ಜಜ್ಜಿದರೆ ಮಾತ್ರ ನನ್ನ ಗಂಧಕದ ಘಾಟು ಹೊರಬೀಳುತ್ತದೆ.

ನೀಲವ್ವನ ಗಂಡ ಫಕೀರಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು, ಮಾತಿನ ಮಲ್ಲ. ಅವನ ಮೆದುಳಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಎಂದು ನಿಗದಿಯಾಗಿತ್ತು. ಅಷ್ಟರಲ್ಲಿ ಪೇಪರಿನಲ್ಲಿ ಸುದ್ದಿ ಬಂತು: ಬೆಳ್ಳುಳ್ಳಿಯ ಘಾಟಿನ ಅಂಶ ಮೆದುಳಿನ ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದಂತೆ! ಫಕೀರಪ್ಪ ತೊಡೆ ತಟ್ಟಿದ.

"ಮುಳ್ಳ ಮುಳ್ಳಿನಿಂದನ ತಗೀಬೇಕು. ಗಡ್ಡಿಗೆ ಗಡ್ಡೀನ ಮದ್ದು! ಆಪರೇಷನ್ ಬ್ಯಾಡ, ಏನೂ ಬ್ಯಾಡ!"

ಅಂದಿನಿಂದ ನನ್ನ ಮತ್ತು ಚೀಲದಲ್ಲಿದ್ದ ನನ್ನ ಬಳಗದ ಎಸಳುಗಳು ಹಸಿಹಸಿಯಾಗಿ ಅವನ ಬಾಯಿಗೆ ಹೋದವು. ಅವನು ಬಾಯಿ ತೆರೆದರೆ ನೆರೆಮನೆಯವರು ಕಿಟಕಿ ಮುಚ್ಚುತ್ತಿದ್ದರು. ನಾನೋ, ಡಾಕ್ಟರೇ ಆಗಿಬಿಟ್ಟೆನೆಂದು ಬೀಗಿದೆ. ನೀಲವ್ವನಿಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಅವಳು ತನ್ನ ಅಣ್ಣನ ಮಗಳು ಶಶಿಕಲಾಳನ್ನು ಕರೆಸಿದಳು. ಧಾರವಾಡದ ಲ್ಯಾಬಿನಲ್ಲಿ ಅಂಥ ಕಣಗಳ ಮೇಲೆ ಬೆಳ್ಳುಳ್ಳಿ ಸಾರ ಹಾಕಿ ನೋಡುವುದೇ ಅವಳ ಕೆಲಸ.

"ಕಣ ಸಾಯ್ತಾವ, ಖರೇನ ಐತಿ ಮಾಮಾ," ಎಂದಳು ಶಶಿಕಲಾ. "ಆದ್ರ ಎಲ್ಲಿ? ಗಾಜಿನ ತಟ್ಟ್ಯಾಗ. ನಿಮ್ಮ ತಲಿ ತಟ್ಟಿ ಅಲ್ಲ. ತಿಂದದ್ದು ಮಿದುಳ ಮುಟ್ಟತೈತೋ ಇಲ್ಲೋ, ನಾವಿನ್ನೂ ಹುಡುಕಾಕತ್ತೇವಿ. ಮ್ಯಾಲ ಇಷ್ಟು ತಿಂದ್ರ ರಕ್ತ ಲಗೂನ ನಿಲ್ಲಂಗಿಲ್ಲ, ಆಪರೇಷನ್ನಿಗೆ ತೊಂದ್ರಿ. ಇವತ್ತ ಬಿಡ್ರಿ."

ಫಕೀರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. "ನನಗ ಅಂಜಿಕಿ ಐತವ್ವ. ತಲಿ ತೆಗದ್ರ ಒಳಗಿನ ರಾಗೆಲ್ಲ ಹಾರಿ ಹೋದ್ರ?"

"ಗಡ್ಡಿ ಬಿಟ್ರ ರಾಗೂ ಉಳಿಯಂಗಿಲ್ಲ, ನೀವೂ ಉಳಿಯಂಗಿಲ್ಲ," ಎಂದಳು ಶಶಿಕಲಾ.

ಅಲ್ಲಿಗೆ ನನ್ನ ಡಾಕ್ಟರಿಕೆ ಮುಗಿಯಿತು. ಚಾಕುವಿಗೆ ಹೆದರಿದವನಿಗೆ ಒಂದು ನೆವ ಬೇಕಿತ್ತು. ಆ ನೆವ ನಾನಾಗಿದ್ದೆ. ನನಗೆ ನಾಚಿಕೆಯಾಯಿತು.

ಫಕೀರಪ್ಪ ಕೊನೆಗೆ ಒಪ್ಪಿ ಹುಬ್ಬಳ್ಳಿಗೆ ಹೋದ. ಬೆಳ್ಳುಳ್ಳಿ ತಿಂದ ವಿಷಯ ತಿಳಿದು ಡಾಕ್ಟರು ಆಪರೇಷನ್ನನ್ನು ಸ್ವಲ್ಪ ಮುಂದಕ್ಕೆ ಹಾಕಿ, ಆಮೇಲೆ ಮಾಡಿದರು. ಗಡ್ಡೆ ಬಹುಪಾಲು ಹೋಯಿತು, ಔಷಧಿ ಮುಂದುವರಿಯಬೇಕು, ನಿಂತುಹೋದ ಮಾತು ನಿಧಾನವಾಗಿ ಮರಳಿ ಬರಬಹುದು ಎಂದರು. ಬರಬಹುದು! ಆ ಒಂದು ಮಾತು ನೀಲವ್ವನ ನಿದ್ದೆ ಕದ್ದಿತು. ಮನೆಗೆ ಬಂದ ಮಾತಿನ ಮಲ್ಲ ಹೊರಸಿನ ಮೇಲೆ ಕುಳಿತು ಬರೀ ತಲೆಯಾಡಿಸುತ್ತಿದ್ದ.

ಬುಟ್ಟಿಯ ಮೂಲೆಯಲ್ಲಿ ನಾನೂ ಮುದಿಯಾಗಿದ್ದೆ. ಉಳಿದದ್ದು ಒಂದೇ ಎಸಳು, ಅದೂ ಸುಕ್ಕುಗಟ್ಟಿತ್ತು. ಒಂದು ಮಧ್ಯಾಹ್ನ ನೀಲವ್ವ ಬೇಳೆಯ ಒಗ್ಗರಣೆಗೆಂದು ನನ್ನನ್ನು ಜಜ್ಜಿ ಎಣ್ಣೆಗೆ ಹಾಕಿದಳು. ಅವಳ ಮನಸ್ಸು ಎಲ್ಲೋ ಇತ್ತು. ನಾನು ಕೆಂಪಗಾದೆ, ಕಂದಾದೆ. ಆಗ ಹೊರಸಿನಿಂದ ದನಿ ಬಂತು.

"ಏ... ನೀಲೀ! ಬಳ್ಳೊಳ್ಳಿ ಹೊತ್ತಾಕತ್ತೈತಿ! ಒಲಿ ಸಣ್ಣ ಮಾಡ!"

ನೀಲವ್ವ ಒಲೆ ಸಣ್ಣ ಮಾಡಲೇ ಇಲ್ಲ. ಸೌಟು ಬಿಸಾಡಿ, ಅಳುತ್ತ ನಗುತ್ತ ಹೊರಸಿನ ಕಡೆ ಓಡಿದಳು. ನಾನು ಎಣ್ಣೆಯಲ್ಲಿ ಪೂರ್ತಿ ಕರಕಲಾದೆ. ನಮ್ಮ ಕುಲದಲ್ಲಿ ಇಷ್ಟು ಖುಷಿಯಿಂದ ಸುಟ್ಟುಹೋದವರು ಇನ್ನೊಬ್ಬರಿರಲಾರರು.