ಗಾಜಿನ ತಳದ ದೋಣಿ

ಹೊದಿಕೆಯ ಎರಡು ತುದಿ ಹೆಂಡತಿಯ ಕೈಯಲ್ಲಿ, ಇನ್ನೆರಡು ಇವನ ಕೈಯಲ್ಲಿ. ಒಮ್ಮೆ ಕೊಡವಿದರು. ನಡುವಿಗೆ ಮಡಚಿದರು. ತುದಿ ಕೂಡಿಸಲು ಹತ್ತಿರ ಬಂದಾಗ ಅವಳ ಬೆರಳುಗಳು ಇವನ ಬೆರಳುಗಳಿಂದ ಬಟ್ಟೆಯನ್ನು ಬಿಡಿಸಿಕೊಂಡವು, ಅಷ್ಟೆ. ಮೂರು ಹೊದಿಕೆಗಳೂ ಹೀಗೇ ಮಾತಿಲ್ಲದೆ ಮುಗಿದವು.

ಪ್ರವಾಸದಿಂದ ಬಂದು ಹನ್ನೊಂದು ದಿನವಾಗಿತ್ತು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಅದಕ್ಕೊಂದು ಕೊನೆಯಾದರೂ ಇರುತ್ತಿತ್ತು. ಅವಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಊಟಕ್ಕೆ ಕರೆಯುತ್ತಿದ್ದಳು, ಇವನ ಕನ್ನಡಕ ಹುಡುಕಿ ಕೊಡುತ್ತಿದ್ದಳು. ದೋಣಿಯ ಮಾತು ಮಾತ್ರ ಎತ್ತಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಅವಳ ಅಕ್ಕ, ಭಾವ ಬರುವವರಿದ್ದರು. ಅವರ ಮುಂದೆ ಎತ್ತುತ್ತಾಳೆ ಎಂದು ಇವನಿಗೆ ಖಾತ್ರಿಯಾಗಿತ್ತು.

ಇವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತು ವರ್ಷದಿಂದ ಬೇರೆಯವರ ವಾಕ್ಯಗಳಲ್ಲಿ ಹೆಚ್ಚಾದದ್ದನ್ನು ಹೊಡೆದುಹಾಕುತ್ತ ಬಂದಿದ್ದ. ಪ್ರವಾಸದಲ್ಲಿ ನೋಡಬೇಕಾದ ಜಾಗಗಳನ್ನೂ ಕರಡು ಹಾಳೆಯೊಂದರ ಹಿಂಬದಿಯಲ್ಲೇ ಬರೆದುಕೊಂಡಿದ್ದ. ಕೊನೆಯ ಸಾಲನ್ನು ಮಾತ್ರ ಅವಳು ಬರೆದಿದ್ದಳು: ಗಾಜಿನ ತಳದ ದೋಣಿ. ದೋಣಿಯ ತಳಕ್ಕೆ ಗಾಜು ಹಾಕಿರುತ್ತಾರಂತೆ, ಕೂತಲ್ಲೇ ಸಮುದ್ರದ ಒಳಗು ಕಾಣುತ್ತದಂತೆ.

ದಡದಲ್ಲಿ ದರದ ಫಲಕ ಓದಿದ ಮೇಲೆ ಇವನು ಜೇಬಿನಿಂದ ಆ ಹಾಳೆ ತೆಗೆದಿದ್ದ. ಕೆಂಪು ಪೆನ್ನಿನಿಂದ ಕೊನೆಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದ ಖಾಲಿ ಜಾಗದಲ್ಲಿ ‘ತೆಗೆದುಹಾಕಿ’ ಎಂಬ ಗುರುತನ್ನೂ ಹಾಕಿದ್ದ. ಬೇಕೆಂದು ಮಾಡಿದ್ದಲ್ಲ, ಕೈಗೆ ಆದ ರೂಢಿ. ತಲೆಯೆತ್ತಿದಾಗ ಅವಳು ಪೆನ್ನನ್ನೇ ನೋಡುತ್ತಿದ್ದಳು.

“ಮುಂದಿನ ಸಲ ನೋಡೋಣ,” ಅಂದಿದ್ದ.

“ಆಯ್ತು,” ಅಂದಿದ್ದಳು.

ಉಳಿಸಿದ ಹಣ ಊರಿಗೆ ಬಂದ ವಾರದೊಳಗೆ ಎಲ್ಲೋ ಕರಗಿಹೋಯಿತು. ಆಮೇಲೆ ಇವನು ಮನಸ್ಸಿನಲ್ಲೇ ಆ ದೋಣಿಯನ್ನು ದಿನವೂ ಹತ್ತತೊಡಗಿದ. ಕೆಲಸದ ಮೇಜಿನ ಮುಂದೆ, ಬಸ್ಸಿನಲ್ಲಿ, ಬಚ್ಚಲಿನಲ್ಲಿ. ಪ್ರತಿ ಸಲವೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹತ್ತುತ್ತಿದ್ದ.

ನಾಲ್ಕಕ್ಕೆ ಸರಿಯಾಗಿ ಬಂದರು. ಭಾವ ಮರದ ವ್ಯಾಪಾರಿ. ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡದೆ ಎಲ್ಲೂ ಕೂರುವವನಲ್ಲ.

“ಏನು ತಿದ್ದುಪಡಿ ಸಾಹೇಬ್ರೇ, ಸಮುದ್ರದಲ್ಲಿ ಏನಾದ್ರೂ ತಪ್ಪು ಸಿಕ್ತಾ?”

ಇವನು ನಕ್ಕ. ಚಹಾ ಬಿಸಿಯಾಗಿತ್ತು, ಆದರೂ ಕುಡಿದ.

“ಅಲ್ಲಿ ಅದೇನೋ ಗಾಜಿನ ದೋಣಿ ಇದೆಯಂತಲ್ಲೇ,” ಅಕ್ಕ ತಂಗಿಯ ಕಡೆ ತಿರುಗಿದಳು. “ನೋಡಿದ್ಯಾ?”

ಇವನು ಚಹಾದ ಲೋಟ ಕೆಳಗಿಟ್ಟ.

“ಅಷ್ಟು ದೂರ ಹೋಗಿ ಅದನ್ನ ನೋಡ್ದೆ ಬರೋಕಾಗತ್ತಾ ಅಕ್ಕ?” ಅಂದಳು ಹೆಂಡತಿ. “ಚಪ್ಪಲಿ ಬಿಚ್ಚಿಸ್ತಾರೆ. ಮೊದಲು ಕಾಲಿಡೋಕೇ ಭಯ, ಎಲ್ಲಿ ಒಡೆದುಹೋಗತ್ತೋ ಅಂತ. ಆಮೇಲೆ ಒಂದು ಹಳದಿ ಮೀನಿನ ಗುಂಪು ಬಂತು ನೋಡು. ಎಲ್ಲಾ ಒಂದೇ ಸಲ ತಿರುಗ್ತವೆ, ಯಾರೋ ಹೇಳ್ಕೊಟ್ಟ ಹಾಗೆ.”

“ಅಬ್ಬಾ,” ಅಂದಳು ಅಕ್ಕ.

“ಒಂದು ಆಮೆ ನನ್ನ ಪಾದದ ಕೆಳಗೇ ನಿಂತುಬಿಡ್ತು. ಎಷ್ಟು ಹೊತ್ತು ಅಂತೀಯ.”

ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿದಂತಾಯಿತು ಇವನಿಗೆ. ಗಂಡನ ಮಾನ ಉಳಿಸಲು ಎಂಥ ಸುಳ್ಳು ಹೇಳುತ್ತಿದ್ದಾಳೆ. ಹನ್ನೊಂದು ದಿನದಲ್ಲಿ ಮೊದಲ ಸಲ ಕಾಲು ಚಾಚಿ ಕೂತ. ತಾನೂ ಒಂದು ಮಾತು ಸೇರಿಸಬೇಕೆನ್ನಿಸಿತು.

“ದರ ಜಾಸ್ತಿನೇ ಭಾವ. ನಾನೇ ಅಂದೆ, ಇಂಥದ್ದಕ್ಕೆಲ್ಲ ದುಡ್ಡಿನ ಮುಖ ನೋಡ್ಬಾರದು ಅಂತ. ಆ ಆಮೆ ಇದೆಯಲ್ಲ, ಅದು ನನ್ನ ಕಡೆಯಿಂದಲೇ...”

“ನೀವೆಲ್ಲಿ ಬಂದ್ರಿ?” ಅಂದಳು ಹೆಂಡತಿ. ದನಿ ಮೆತ್ತಗಿತ್ತು. “ನೀವು ದಡದಲ್ಲಿ ಬ್ಯಾಗ್ ಕಾಯ್ತಾ ಕೂತಿದ್ರಲ್ಲ.”

ಭಾವ ತೊಡೆ ತಟ್ಟಿಕೊಂಡು ನಕ್ಕ. “ಸಿಕ್ಕಿಬಿದ್ರಲ್ಲ ಸಾಹೇಬ್ರೇ. ಹೆಂಡ್ತಿ ನೋಡಿದ ಆಮೇನ ಟಿಕೆಟ್ ಇಲ್ದೆ ನೋಡೋಕೆ ಹೊರಟಿದ್ರಾ?”

ಇವನು ಅವಳ ಮುಖ ನೋಡಿದ. ಅಲ್ಲಿ ಸೇಡಿರಲಿಲ್ಲ, ಕುಚೇಷ್ಟೆಯೂ ಇರಲಿಲ್ಲ. ತಪ್ಪಾದ ವಿಳಾಸವನ್ನು ಸರಿಮಾಡಿ ಹೇಳಿದವರ ಮುಖದಂತಿತ್ತು. ನಿಜ ಹೇಳಿಬಿಡಬಹುದಿತ್ತು: ಇಬ್ಬರೂ ಹತ್ತಲಿಲ್ಲ, ನಾನೇ ಬೇಡವೆಂದೆ. ಆದರೆ ಅವಳ ಪಾದದ ಕೆಳಗೆ ಆಗಲೇ ಆಮೆ ನಿಂತಿತ್ತು.

“ಬ್ಯಾಗ್ ಇತ್ತಲ್ಲ,” ಅಂದ.

“ಕಾಯೋರೂ ಒಬ್ರು ಬೇಕಲ್ವಾ,” ಅಕ್ಕ ಸಮಾಧಾನ ಹೇಳಿದಳು.

ಅವರು ಹೋದ ಮೇಲೆ ಬಾಗಿಲು ಹಾಕಿ ಬಂದ. ಅವಳು ಲೋಟಗಳನ್ನು ಎತ್ತುತ್ತಿದ್ದಳು.

“ನೀನೂ ನನ್ನ ಪಕ್ಕದಲ್ಲೇ ಇದ್ದೆ.”

“ಎಲ್ಲಿ?”

“ದಡದಲ್ಲಿ. ಆ ಸಿಮೆಂಟ್ ಬೆಂಚಿನ ಮೇಲೆ. ಬಸ್ ಬರೋವರೆಗೂ.”

“ಇರಬಹುದು.”

“ಇರಬಹುದು ಅಂದ್ರೆ? ಎರಡು ಗಂಟೆ ಕೂತಿದ್ವಿ.”

“ನೀವು ಹೇಳಿದ್ರೆ ಸರಿ ಬಿಡಿ.”

“ಮುಂದಿನ ವರ್ಷ ಮತ್ತೆ ಹೋಗೋಣ. ಇಬ್ಬರೂ ಹತ್ತೋಣ.”

“ನಂದು ನೋಡಿಯಾಯ್ತಲ್ಲ,” ಅಂದಳು. “ನೀವು ಬೇಕಾದ್ರೆ ಹೋಗ್ಬನ್ನಿ.”

ಇವನು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು, ಖಾಲಿಯಾಗಿದ್ದ ಕೊಡ ತುಂಬಿಸಿದ. ತಿರುಗಿ ಬರುವಷ್ಟರಲ್ಲಿ ಅವಳು ನಡುಮನೆಯ ನೆಲ ಒರೆಸಿ ಮುಗಿಸಿದ್ದಳು. ನೆಲ ಇನ್ನೂ ಹಸಿ. ಕಿಟಕಿಯ ಬೆಳಕು ಬಿದ್ದು ಈ ಗೋಡೆಯಿಂದ ಆ ಗೋಡೆಯವರೆಗೂ ಗಾಜಿನಂತೆ ಹೊಳೆಯುತ್ತಿತ್ತು. ಆಚೆ ಕೊನೆಯಲ್ಲಿ ಅವಳು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕೆಳಗೆ ನೋಡುತ್ತಿದ್ದಳು. ಇವನು ಹೊಸ್ತಿಲ ಮೇಲೆ ನಿಂತ. ಕಾಲಿಟ್ಟರೆ ಗುರುತು ಬೀಳುತ್ತಿತ್ತು.

ಅವಳ ಕಣ್ಣು ನೆಲದ ಮೇಲೆ ಯಾವುದನ್ನೋ ಹಿಂಬಾಲಿಸುತ್ತ ನಿಧಾನವಾಗಿ ಕಿಟಕಿಯವರೆಗೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತು, ಥಟ್ಟನೆ ತಿರುಗಿತು.

“ಅಲ್ಲಿ ನನಗೂ ಸ್ವಲ್ಪ ಜಾಗ ಕೊಡು,” ಅಂದ.