ಮುಂದಿನ ಸಾಲಿನ ಭಾರ

ಶಿರಿಯದ ಮಸೀದಿಯೊಳಗೆ ಕಬ್ಬಿಣದ ಅಟ್ಟಣಿಗೆ ಕಟ್ಟಿಸಿದಾಗ ಅದರ ಬಲವನ್ನು ಲೆಕ್ಕ ಹಾಕಿಕೊಟ್ಟವನು ಊರಿನವನೇ ಆದ ಇಂಜಿನಿಯರ್ ಮಿದ್ಲಾಜ್. ನಮಾಜಿನ ಸಾಲಿಗೆ ಅಡ್ಡವಾಗುತ್ತದೆಂದು ಹಿರಿಯರು ಕಂಬ ಬೇಡವೆಂದಿದ್ದರು. ಹಿಂದಿನ ಗೋಡೆಯೊಂದನ್ನೇ ನಂಬಿ ಅಟ್ಟಣಿಗೆ ಮುಂದಕ್ಕೆ ಚಾಚಿಕೊಂಡಿತ್ತು. ಅದನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಒಂದೊಂದು ತುಂಡೂ ತಾಳಬೇಕಾದ ಒತ್ತಡವನ್ನು ತಿಳಿಯುವ ಫೈನೈಟ್ ಎಲಿಮೆಂಟ್ ಲೆಕ್ಕ ಅವನದು. ಪರದೆಯ ಮೇಲೆ ಎಲ್ಲೆಲ್ಲೂ ನೀಲಿ ಬಂದಿತ್ತು. ನೀಲಿಯೆಂದರೆ ಭಯವಿಲ್ಲ.

ತಂದೆ, ಅವನ ಉಪ್ಪ, ತೀರಿಹೋದ ಮೇಲಿನ ಮೊದಲ ಶುಕ್ರವಾರ ಮಿದ್ಲಾಜ್ ಬಾಂಗಿನ ಕರೆಗೆ ಮುಂಚೆಯೇ ಹೋದ. ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಅವರಿಗಾಗಿ ಬೇಡಿಕೊಳ್ಳಬೇಕೆಂದು ಅವನ ಆಸೆ. ಆ ಜಾಗ ಅಟ್ಟಣಿಗೆಯ ಮುಂದಿನ ಅಂಚಿನಲ್ಲಿತ್ತು. ಮೇಲೆ ಹತ್ತಿದವರೆಲ್ಲ ಅಲ್ಲಿಗೇ ಬಂದು ಹೆಗಲಿಗೆ ಹೆಗಲು ಕೊಟ್ಟು ನಿಂತರು. ಮೊದಲ ಸಫ್, ಅಂದರೆ ಮೊದಲ ಸಾಲು, ತುಂಬದೆ ಹಿಂದಿನದು ಶುರುವಾಗುವಂತಿಲ್ಲ. ಹಿಂದುಗಡೆ ಅರ್ಧ ಅಟ್ಟಣಿಗೆ ಖಾಲಿಯೇ ಇತ್ತು. ಎಲ್ಲರೂ ಒಟ್ಟಿಗೆ ಸುಜೂದಿಗೆ ಬಾಗಿದಾಗ ಕೆಳಗಿನ ಕಬ್ಬಿಣ ಮೆಲ್ಲನೆ ತಗ್ಗಿತು.

ನೆಲಕ್ಕೆ ಹಣೆಯಿಟ್ಟಲ್ಲೇ ಮಿದ್ಲಾಜನಿಗೆ ತಪ್ಪು ಹೊಳೆಯಿತು. ಅವನು ಜನರ ಭಾರವನ್ನು ಇಡೀ ಅಟ್ಟಣಿಗೆಗೆ ಸಮನಾಗಿ ಹಂಚಿಬಿಟ್ಟಿದ್ದ.

ಮನೆಗೆ ಹೋಗಿ ಭಾರವನ್ನೆಲ್ಲ ಮುಂದಿನ ಅಂಚಿಗೆ ಹಾಕಿ ನೋಡಿದ. ಗೋಡೆಗೆ ಸೇರುವ ಕಡೆಯೆಲ್ಲ ಕೆಂಪಾಯಿತು. ಅಂಥ ಅಂಚಿನಲ್ಲಿ ಉಪ್ಪ ಪ್ರತಿ ವಾರ ನಿಂತಿದ್ದರು, ಮಗ ಕಟ್ಟಿದ್ದೆಂದು ಹೆಮ್ಮೆಯಿಂದ. ಅಲ್ಲಾಹು ಕಾಪಾಡಿದ, ತನ್ನ ವಿದ್ಯೆಯಲ್ಲ.

ಜಮಾಅತಿನ ಅಧ್ಯಕ್ಷ ಅದ್ರಾಮಾಕನ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಅಡಿಯಲ್ಲಿ ಕಂಬ ಕೊಡುವವರೆಗೆ ಯಾರನ್ನೂ ಹತ್ತಿಸಬಾರದೆಂದ.

"ಅಲ್ಲ ಮಾರಾಯ, ಕಂಪ್ಯೂಟರಿಗೆ ಸಫ್ ಗೊತ್ತಿಲ್ಲ, ಸರಿ. ಅದು ಕಾಫಿರ್ ಪೆಟ್ಟಿಗೆ. ನಿನಗೂ ಗೊತ್ತಿಲ್ವಾ?"

"ನಾನು ಯಾವತ್ತೂ ಖುತುಬಾ ಪ್ರವಚನ ಮುಗಿಯುವಾಗ ಬರುವವ, ಅದ್ರಾಮಾಕ. ಅಂಗಳದಲ್ಲೇ ನಿಂತು ಹೋಗುವುದು. ಒಳಗೆ ಹೇಗೆ ತುಂಬುತ್ತದೆ ಅಂತ ನೋಡಿದ್ದೇ ಇಲ್ಲ."

ಮುದುಕ ನಗಲಿಲ್ಲ. ದನಿ ತಗ್ಗಿಸಿ, "ತುಕ್ಕು ಹಿಡಿದಿದೆ ಅಂತ ಹೇಳುವ. ನಿನ್ನ ಉಪ್ಪನ ಹೆಸರು ಉಂಟಲ್ಲ," ಎಂದ.

ಹೌದೆಂದುಬಿಡಲು ಮಿದ್ಲಾಜನ ನಾಲಿಗೆ ತವಕಿಸಿತು. ಆದರೆ ತುಕ್ಕೆಂದರೆ ಬಣ್ಣ ಬಳಿದು ಮತ್ತೆ ಹತ್ತುತ್ತಾರೆ. ಕಂಬ ಯಾಕೆಂದು ಕೇಳುತ್ತಾರೆ.

"ಬೇಡ. ನಾನೇ ಹೇಳ್ತೇನೆ."

ಮುಂದಿನ ಶುಕ್ರವಾರ ಅವನು ಮೆಟ್ಟಿಲಿನ ಬುಡದಲ್ಲಿ ನಿಂತ. ಮೊದಲು ಬಂದವರು ಉಪ್ಪನ ಪಕ್ಕದಲ್ಲೇ ನಿಲ್ಲುತ್ತಿದ್ದ ಮೊಯ್ದಿನಾಕ.

"ಎಂತ ಇಂಜಿನಿಯರೇ, ಟಿಕೆಟ್ ಉಂಟಾ ಮೇಲೆ ಹೋಗ್ಲಿಕ್ಕೆ?"

"ಹತ್ತಬೇಡಿ, ಮೊಯ್ದಿನಾಕ. ಇದು ಭಾರ ತಾಳುವುದಿಲ್ಲ. ಲೆಕ್ಕ ತಪ್ಪು ಮಾಡಿದ್ದು ನಾನು."

"ಇಷ್ಟು ದಿವಸ ನಾವು ನಿಂತದ್ದು?"

"ಅದರ ಮೇಲೆಯೇ."

ಮೊಯ್ದಿನಾಕ ಅವನ ಮುಖವನ್ನೇ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಒಳಗೆ ಹೋಗಿ ಕೆಳಗಿನ ಸಾಲಿನಲ್ಲಿ ಕುಳಿತರು. ಅಷ್ಟರಲ್ಲಿ ನಮಾಜಿಗೆಂದು ವುಲೂ ಮಾಡಿ ತೊಳೆದ ಒದ್ದೆ ಕಾಲುಗಳು ಮತ್ತೆ ಮೆಟ್ಟಿಲಿನ ಕಡೆಗೆ ಬಂದವು. ಮಿದ್ಲಾಜ್ ತಲೆಯೆತ್ತಿ ಮೊದಲಿನಿಂದ ಹೇಳತೊಡಗಿದ.